ಫೋನಿನಿಂದ ಹ್ಯಾಕಿಂಗ್: ಏನಾಗುತ್ತದೆ, ಏನಾಗುವುದಿಲ್ಲ

(ಉಪನ್ಯಾಸದ ಬರಹ ರೂಪ. ಓದಿಗೆ ಒಗ್ಗುವಷ್ಟು ಮಾತ್ರ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಒಂದು ಆ್ಯಪ್ ಹಾಕಿಕೊಂಡು, ಗುಂಡಿ ಒತ್ತಿ, ಪಕ್ಕದ ಮನೆಯ ವೈಫೈ ಪಾಸ್‌ವರ್ಡ್ ತೆಗೆಯುವುದು ಹೇಗೆ ಅಂತ ತಿಳಿಯಲು ಯಾರಾದರೂ ಬಂದಿದ್ದರೆ ಅವರಿಗೆ ನಿರಾಸೆಯಾಗುತ್ತದೆ. ಅಂಥ ಆ್ಯಪ್ ಇಲ್ಲ. ಆ ಹೆಸರಲ್ಲಿ ಸಿಗುವವುಗಳಲ್ಲಿ ಕೆಲವು ಸುಮ್ನೆ ತಮಾಷೆಗೆ ಮಾಡಿದವು. ಪರದೆ ಮೇಲೆ ಹಸಿರು ಅಕ್ಷರ ಓಡಿಸಿ, ಕೊನೆಗೆ ಬಾಯಿಗೆ ಬಂದ ಅಂಕಿ ತೋರಿಸುತ್ತವೆ. ಉಳಿದವು ಜಾಹೀರಾತು ತುರುಕುತ್ತವೆ, ಇಲ್ಲವೇ ನಿಮ್ಮ ಫೋನಿಗೇ ಕನ್ನ ಹಾಕುತ್ತವೆ.

ಹಾಗಂತ ಫೋನು ಈ ಕೆಲಸಕ್ಕೆ ಬಾರದು ಅಂತಲ್ಲ. ಭದ್ರತಾ ಪರೀಕ್ಷೆಯನ್ನೇ ವೃತ್ತಿ ಮಾಡಿಕೊಂಡವರ ಚೀಲದಲ್ಲಿ ಲ್ಯಾಪ್‌ಟಾಪ್ ಜೊತೆ ಒಂದು ಹಳೇ ಆಂಡ್ರಾಯ್ಡ್ ಫೋನು ಇರುವುದು ಅಪರೂಪವೇನಲ್ಲ. ವೇಗಕ್ಕಾಗಿ ಯಾರೂ ಅದನ್ನು ಇಟ್ಟುಕೊಳ್ಳುವುದಿಲ್ಲ. ಆದರೆ ವೈಫೈ, ಬ್ಲೂಟೂತ್, ಎನ್‌ಎಫ್‌ಸಿ, ಜಿಪಿಎಸ್, ಮೊಬೈಲ್ ಡೇಟಾ, ಕ್ಯಾಮೆರಾ, ಬ್ಯಾಟರಿ ಎಲ್ಲ ಒಟ್ಟಿಗೇ ಇರುವ ಇನ್ನೊಂದು ಕಂಪ್ಯೂಟರ್ ತೋರಿಸಿ ನೋಡೋಣ! ಅದೂ ಅಲ್ಲದೆ, ಕಚೇರಿಯ ಬಾಗಿಲಲ್ಲಿ ಲ್ಯಾಪ್‌ಟಾಪ್ ಬಿಚ್ಚಿ, ಆಂಟೆನಾ ಸಿಕ್ಕಿಸಿಕೊಂಡು ಕೂತರೆ ಕಾವಲಿನವರು ಬಂದು ವಿಚಾರಿಸುತ್ತಾರೆ. ಫೋನು ನೋಡುತ್ತಾ ನಿಂತವರನ್ನು ಯಾರು ಕೇಳುತ್ತಾರೆ?

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಫೋನನ್ನು ಪರೀಕ್ಷಾ ಸಾಧನ ಮಾಡಲು ಹೊರಟರೆ ಹೆಜ್ಜೆಹೆಜ್ಜೆಗೂ ಒಂದೊಂದು ಗೋಡೆ ಅಡ್ಡ ಬರುತ್ತದೆ. ನಮ್ಮ ದುಡ್ಡು, ಫೋಟೊ, ಮಾತುಕತೆಗಳನ್ನು ದಿನಾ ಕಾಯುತ್ತಿರುವುದು ಅವೇ ಗೋಡೆಗಳು. ಆ ಗೋಡೆ ಎಲ್ಲಿದೆ, ಯಾಕೆ ಕಟ್ಟಿದರು, ಬಿರುಕು ಎಲ್ಲಿದೆ ಅಂತ ನೋಡುತ್ತಾ ಹೋಗೋಣ. ಯಾವ ಆ್ಯಪ್ ಹಾಕಿಕೊಳ್ಳಬೇಕು ಅನ್ನುವ ಪಟ್ಟಿ ಬೇಕಿದ್ದರೆ ಅದು ಎಲ್ಲಿ ಬೇಕಾದರೂ ಸಿಗುತ್ತದೆ.

ಗೋಡೆಗಳು ಇನ್ನೂ ಎದ್ದಿರದ ಕಾಲ

2009ರ ಕೊನೆಗೆ ನೋಕಿಯಾ ಎನ್900 ಅಂತ ಒಂದು ಫೋನು ಬಂತು. ಪರದೆಯನ್ನು ಜಾರಿಸಿದರೆ ಕೆಳಗಿನಿಂದ ಕೀಬೋರ್ಡ್ ಹೊರಬರುತ್ತಿತ್ತು. ಒಳಗಿದ್ದ ಕಾರ್ಯವ್ಯವಸ್ಥೆ ಮೇಮೊ ಎಂಬ ಲಿನಕ್ಸ್. 600 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್. ಈಗ ಕೇಳಿದರೆ ನಗು ಬರುತ್ತೆ, ಅಲ್ವಾ? ಆದರೆ ಫೋನಿನ ಮಾಲೀಕನೇ ಅದರ ರೂಟ್, ಅಂದರೆ ಎಲ್ಲವನ್ನೂ ಬದಲಿಸಬಲ್ಲ ಪೂರ್ಣಾಧಿಕಾರಿ, ಆಗುವುದಕ್ಕೆ ಆ ಫೋನು ಅಡ್ಡಿ ಮಾಡುತ್ತಿರಲಿಲ್ಲ. ಪೋನಿ ಎಕ್ಸ್‌ಪ್ರೆಸ್ ಎಂಬ ಕಂಪನಿಯಂತೂ ಎನ್900ಕ್ಕೆ ಪರೀಕ್ಷಾ ಸಾಧನಗಳನ್ನು ತುಂಬಿ, ಅದನ್ನೇ ಒಂದು ಸರಕಾಗಿ ಮಾರಿತು.

2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬ ಪ್ರೋಗ್ರಾಮರ್ ಫೈರ್‌ಶೀಪ್ ಎಂಬ ಫೈರ್‌ಫಾಕ್ಸ್ ಎಕ್ಸ್‌ಟೆನ್ಶನ್ ಹೊರತಂದರು. ಪಾಸ್‌ವರ್ಡ್ ಇಲ್ಲದ ವೈಫೈನಲ್ಲಿ ಕೂತು ಅದನ್ನು ಚಾಲೂ ಮಾಡಿದರೆ ಸಾಕು. ಅದೇ ವೈಫೈ ಬಳಸುತ್ತಿರುವವರ ಫೇಸ್‌ಬುಕ್, ಟ್ವಿಟರ್ ಖಾತೆಗಳು ಹೆಸರು, ಫೋಟೊ ಸಮೇತ ಪಟ್ಟಿಯಾಗಿ ಬರುತ್ತಿದ್ದವು. ಫೋಟೊ ಮೇಲೆ ಕ್ಲಿಕ್ ಮಾಡಿದರೆ ನೀವು ಅವರ ಖಾತೆಯ ಒಳಗೆ. ಮುಂದಿನ ವರ್ಷವೇ ಡ್ರಾಯ್ಡ್‌ಶೀಪ್, ಫೇಸ್‌ನಿಫ್ ಎಂಬ ಆ್ಯಪ್‌ಗಳು ಈ ಆಟವನ್ನು ಆಂಡ್ರಾಯ್ಡಿಗೆ ತಂದವು. ತಪ್ಪು ಸೈಟುಗಳದ್ದು. ಲಾಗಿನ್ ಪುಟಕ್ಕೆ ಮಾತ್ರ ಎನ್‌ಕ್ರಿಪ್ಶನ್ ಇಟ್ಟು, ಆಮೇಲೆ ನೀವು ಯಾರೆಂದು ಹೇಳುವ ಕುಕೀಯನ್ನು ಬಯಲಲ್ಲೇ ಕಳಿಸುತ್ತಿದ್ದವು. ಇದನ್ನು ಊರಿಗೆಲ್ಲ ಕಾಣುವಂತೆ ತೋರಿಸಬೇಕು ಅನ್ನುವುದೇ ಬಟ್ಲರ್ ಉದ್ದೇಶವಾಗಿತ್ತು. ಕೆಲಸವೂ ಆಯಿತು. 2013ರ ಹೊತ್ತಿಗೆ ಫೇಸ್‌ಬುಕ್ ತನ್ನೆಲ್ಲ ಬಳಕೆದಾರರನ್ನು ಎಚ್‌ಟಿಟಿಪಿಎಸ್‌ಗೆ, ಅಂದರೆ ಪ್ರತಿ ಪುಟಕ್ಕೂ ಎನ್‌ಕ್ರಿಪ್ಶನ್ ಇರುವ ಸಂಪರ್ಕಕ್ಕೆ, ದಾಟಿಸಿತು. 2015ರ ಕೊನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದಕ್ಕೆ ಬೇಕಾದ, ಸೈಟಿನ ಗುರುತು ಖಾತ್ರಿಪಡಿಸುವ ಪ್ರಮಾಣಪತ್ರವನ್ನು ಪುಕ್ಕಟೆಯಾಗಿ ಕೊಡಲು ಶುರುಮಾಡಿದ ಮೇಲೆ ಸಣ್ಣಪುಟ್ಟ ಸೈಟುಗಳಿಗೂ ನೆಪ ಉಳಿಯಲಿಲ್ಲ. ಫೋನಿನಿಂದ ಫೇಸ್‌ಬುಕ್ ಹ್ಯಾಕ್ ಮಾಡುವುದು ಹೇಗೆ ಅಂತ ಇವತ್ತಿಗೂ ಹುಡುಕುವವರು ಹತ್ತು ವರ್ಷಕ್ಕೂ ಹಿಂದೆ ಮುಚ್ಚಿದ ಬಾಗಿಲನ್ನು ತಟ್ಟುತ್ತಿದ್ದಾರೆ.

2014ರ ಸೆಪ್ಟೆಂಬರಿನಲ್ಲಿ ಕಾಲಿ ನೆಟ್‌ಹಂಟರ್ ಬಂತು. ಭದ್ರತಾ ಪರೀಕ್ಷಕರು ಬಳಸುವ ಕಾಲಿ ಲಿನಕ್ಸನ್ನು ಗೂಗಲ್‌ನ ನೆಕ್ಸಸ್ ಫೋನು, ಟ್ಯಾಬ್ಲೆಟ್‌ಗಳ ಮೇಲೆ ಕೂರಿಸಿದ್ದು ಅದು. ಫೋನಿನ ಹ್ಯಾಕಿಂಗ್ ಅಂದರೆ ಈಗ ಎಲ್ಲರ ಬಾಯಲ್ಲಿ ಬರುವುದು ಈ ಹೆಸರೇ. ಅದರ ಪೂರ್ತಿ ಶಕ್ತಿ ಬೇಕೆಂದರೆ ಫೋನನ್ನು ರೂಟ್ ಮಾಡಬೇಕು, ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ಲನ್ನೂ ಬದಲಿಸಬೇಕು. ಅದಕ್ಕೆ ಆಮೇಲೆ ಬರುತ್ತೇನೆ. ರೂಟ್ ಇಲ್ಲದೆ ಏನಾಗುತ್ತದೆ ಅನ್ನುವುದನ್ನು ಮೊದಲು ನೋಡೋಣ. ಅದೇ ಜಾಸ್ತಿ ಜನರಿಗೆ ಉಪಯೋಗ.

ನಾನು ಯಾರು?

ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡರೆ ಆಂಡ್ರಾಯ್ಡ್ ಫೋನಿನಲ್ಲಿ ಲಿನಕ್ಸ್ ಕಮಾಂಡ್ ಸಾಲು ಸಿಗುತ್ತದೆ. ಎಫ್-ಡ್ರಾಯ್ಡ್ ಅಂಗಡಿಯಿಂದ ಹಾಕಿಕೊಳ್ಳಿ. ತೆರೆದ ಕೂಡಲೇ ಒಂದು ಕಮಾಂಡ್ ಕೊಡಿ: 'ಹೂ ಆ್ಯಮ್ ಐ', ಮೂರೂ ಪದ ಸೇರಿಸಿ. ನಾನು ಯಾರು ಅಂತ ಫೋನನ್ನು ಕೇಳುವ ಕಮಾಂಡ್ ಅದು. ಉತ್ತರ 'ಯು0_ಎ217' ಅನ್ನುವ ಧಾಟಿಯಲ್ಲಿ ಬರುತ್ತದೆ. ಅಂಕಿ ಫೋನಿನಿಂದ ಫೋನಿಗೆ ಬೇರೆ.

ಈ ಪುಟ್ಟ ಉತ್ತರದಲ್ಲಿ ಆಂಡ್ರಾಯ್ಡಿನ ಮೊದಲ ಗೋಡೆ ಕಾಣುತ್ತದೆ. ಲಿನಕ್ಸಿನಲ್ಲಿ ಬೇರೆ ಬೇರೆ ಮನುಷ್ಯರಿಗೆ ಬೇರೆ ಬೇರೆ ಬಳಕೆದಾರ ಸಂಖ್ಯೆ ಕೊಡುವ ಪದ್ಧತಿ ಇತ್ತು. ಆಂಡ್ರಾಯ್ಡ್ ಅದನ್ನು ತೆಗೆದುಕೊಂಡು ಒಂದೊಂದು ಆ್ಯಪ್‌ಗೂ ಒಂದೊಂದು ಸಂಖ್ಯೆ ಕೊಟ್ಟಿತು. ಫೋನಿನ ದೃಷ್ಟಿಯಲ್ಲಿ ನಿಮ್ಮ ಬ್ಯಾಂಕ್ ಆ್ಯಪ್ ಒಬ್ಬ, ಆಟದ ಆ್ಯಪ್ ಇನ್ನೊಬ್ಬ, ಟರ್ಮಕ್ಸ್ ಮತ್ತೊಬ್ಬ. ಒಬ್ಬನ ಫೈಲನ್ನು ಇನ್ನೊಬ್ಬ ತೆರೆಯುವಂತಿಲ್ಲ. ಅದರ ಮೇಲೆ ಎಸ್‌ಇ ಲಿನಕ್ಸ್ ಎಂಬ ಇನ್ನೊಂದು ಪಹರೆ. ಟರ್ಮಕ್ಸಿನಲ್ಲಿ ಕೂತು ಬ್ಯಾಂಕ್ ಆ್ಯಪ್‌ನ ಫೋಲ್ಡರಿಗೆ ಹೋಗಲು ನೋಡಿ. 'ಪರ್ಮಿಷನ್ ಡಿನೈಡ್' ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಹ್ಯಾಕಿಂಗ್ ಕಲಿಯಲು ಬಂದವರಿಗೆ ಕಿರಿಕಿರಿ, ನಿಜ. ನಿನ್ನೆ ಹಾಕಿಕೊಂಡ ಟಾರ್ಚ್ ಆ್ಯಪ್‌ಗೂ ಇದೇ ಉತ್ತರ ಸಿಗುತ್ತದೆ ಅಂತ ನೆನಪಾದರೆ ಕಿರಿಕಿರಿ ಕಡಿಮೆಯಾಗುತ್ತದೆ.

ಇನ್ನು ಎನ್‌ಮ್ಯಾಪ್. ನೆಟ್‌ವರ್ಕಿನಲ್ಲಿ ಯಾರ‍್ಯಾರಿದ್ದಾರೆ, ಯಾವ ಯಾವ ಪೋರ್ಟ್ (ಸಾಧನದೊಳಗೆ ಹೋಗುವ, ಸಂಖ್ಯೆ ಇರುವ ಬಾಗಿಲು) ತೆರೆದಿದೆ ಅಂತ ನೋಡುವ ಸಾಧನ. ಟರ್ಮಕ್ಸಿನಲ್ಲಿ ಒಂದೇ ಸಾಲಿನಲ್ಲಿ ಬಂದು ಕೂರುತ್ತದೆ. ನಿಮ್ಮದೇ ರೌಟರಿನ ವಿಳಾಸ ಕೊಡಿ. 192.168.1.1 ಅಥವಾ ಅದರ ಆಸುಪಾಸಿನದ್ದು ಇರುತ್ತದೆ. ಏನೂ ಹೇಳದಿದ್ದರೆ ಎನ್‌ಮ್ಯಾಪ್ 65,535 ಪೋರ್ಟುಗಳಲ್ಲಿ ಹೆಚ್ಚು ಬಳಕೆಯ 1,000 ಮಾತ್ರ ನೋಡುತ್ತದೆ. 53, 80, 443 ತೆರೆದಿವೆ ಅಂತ ಬಂದರೆ ಗಾಬರಿ ಬೇಡ. ಒಂದು ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕುವ ಡಿಎನ್‌ಎಸ್, ಉಳಿದೆರಡು ರೌಟರಿನ ಸೆಟ್ಟಿಂಗ್ ಪುಟ.

23 ತೆರೆದಿದ್ದರೆ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂರಿ. ಅದು ಟೆಲ್ನೆಟ್, ಪಾಸ್‌ವರ್ಡನ್ನೂ ಬಯಲಲ್ಲೇ ಕಳಿಸುವ ಹಳೇ ಪದ್ಧತಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಕ್ಯಾಮೆರಾ, ರೌಟರುಗಳನ್ನು ರಾಶಿ ರಾಶಿಯಾಗಿ ವಶ ಮಾಡಿಕೊಂಡದ್ದು ಈ ಬಾಗಿಲಿನಿಂದಲೇ. ಅದಕ್ಕೆ ಬೇಕಾಗಿದ್ದು ಅರವತ್ತರ ಆಸುಪಾಸಿನ ಹೆಸರು–ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸುವುದಿಲ್ಲ ಅನ್ನುವ ನಂಬಿಕೆ ಅದರದ್ದು. ನಂಬಿಕೆ ಸುಳ್ಳಾಗಲಿಲ್ಲ.

ಎನ್‌ಮ್ಯಾಪಿಗೆ ಇನ್ನೊಂದು ಚುರುಕಾದ ವಿಧಾನ ಇದೆ, ಸಿನ್ ಸ್ಕ್ಯಾನ್. ಸಂಪರ್ಕ ಪೂರ್ತಿ ಮಾಡದೆ ಅರ್ಧಕ್ಕೇ ಬಿಟ್ಟು ನೋಡುವುದು. ರೂಟ್ ಇಲ್ಲದ ಫೋನಿನಲ್ಲಿ ಅದು ನಡೆಯುವುದಿಲ್ಲ. ಪ್ಯಾಕೆಟ್ಟುಗಳನ್ನು, ಅಂದರೆ ನೆಟ್‌ವರ್ಕಿನಲ್ಲಿ ಓಡಾಡುವ ಡೇಟಾ ತುಣುಕುಗಳನ್ನು, ಕೈಯಾರೆ ಕಟ್ಟಿ ಕಳಿಸಲು ಆಂಡ್ರಾಯ್ಡ್ ಸಾಮಾನ್ಯ ಆ್ಯಪ್‌ಗೆ ಬಿಡುವುದಿಲ್ಲ. ಹಾಗಾಗಿ ಪ್ರತಿ ಪೋರ್ಟಿಗೂ ಪೂರ್ತಿ ಸಂಪರ್ಕ ಮಾಡಿಯೇ ನೋಡಬೇಕು. ನಿಧಾನ, ಆದರೆ ಮನೆಯ ನೆಟ್‌ವರ್ಕಿಗೆ ಧಾರಾಳ ಸಾಕು. ಇನ್ನೊಂದು ತರಲೆ ಇದೆ. ಆಂಡ್ರಾಯ್ಡ್ 12ರಿಂದ ಈಚೆಗೆ, ಆ್ಯಪ್‌ಗಳು ಹುಟ್ಟಿಸುವ ಮರಿ ಪ್ರಕ್ರಿಯೆಗಳು ಒಟ್ಟು 32 ದಾಟಿದರೆ ವ್ಯವಸ್ಥೆ ಅವನ್ನು ಕೊಲ್ಲಲು ಶುರುಮಾಡುತ್ತದೆ. ದೊಡ್ಡ ಸ್ಕ್ಯಾನ್ ಓಡುತ್ತಿರುವಾಗ ಟರ್ಮಕ್ಸ್ 'ಸಿಗ್ನಲ್ 9' ಅಂದು ಸತ್ತರೆ ಕಾರಣ ಇದೇ ಇರಬಹುದು. ಬ್ಯಾಟರಿ ತಿನ್ನುವ ಆ್ಯಪ್‌ಗಳನ್ನು ಹದ್ದುಬಸ್ತಿನಲ್ಲಿಡಲು ಮಾಡಿದ ನಿಯಮ. ಪೆಟ್ಟು ನಮಗೂ ಬಿತ್ತು.

ಒಂದು ಬಲ್ಬು, ಕೆಲವು ಬೈಟು

ಫೋನಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಬ್ಲೂಟೂತ್‌ನದ್ದು. ರೂಟ್ ಬೇಡ, ಹೆಚ್ಚುವರಿ ಸಾಧನ ಬೇಡ. ಆ್ಯಪ್‌ನಿಂದ ಬಣ್ಣ ಬದಲಿಸುವ ಅಗ್ಗದ ಬ್ಲೂಟೂತ್ ಬಲ್ಬು ಒಂದಿದ್ದರೆ ಸಾಕು.

ಸೆಟ್ಟಿಂಗ್ಸಿನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ 'ಬ್ಲೂಟೂತ್ ಎಚ್‌ಸಿಐ ಸ್ನೂಪ್ ಲಾಗ್' ಅಂತ ಒಂದಿದೆ. ಅದನ್ನು ಚಾಲೂ ಮಾಡಿ, ಬ್ಲೂಟೂತ್ ಒಮ್ಮೆ ಆರಿಸಿ ಹಚ್ಚಿ. ಈಗ ಫೋನು ತನ್ನ ಬ್ಲೂಟೂತ್ ಚಿಪ್ಪಿನ ಜೊತೆ ಆಡುವ ಪ್ರತಿ ಮಾತೂ ದಾಖಲಾಗುತ್ತದೆ. ಬಲ್ಬಿನ ಆ್ಯಪ್ ತೆರೆದು ಕೆಂಪು ಒತ್ತಿ. ಸ್ವಲ್ಪ ಬಿಟ್ಟು ಹಸಿರು, ಆಮೇಲೆ ನೀಲಿ. ನಂತರ ಫೋನಿನಿಂದ ಬಗ್ ರಿಪೋರ್ಟ್ ತೆಗೆದು, ಅದರೊಳಗಿನ ಲಾಗನ್ನು ಕಂಪ್ಯೂಟರಿನಲ್ಲಿ ವೈರ್‌ಶಾರ್ಕ್ ಎಂಬ, ಇಂಥ ದಾಖಲೆ ಓದುವ ತಂತ್ರಾಂಶದಿಂದ ತೆರೆಯಿರಿ.

ಮೊದಲು ಸಾಲು ಸಾಲು ಗೊಂದಲ ಕಾಣುತ್ತದೆ. 'ರೈಟ್' ಅನ್ನುವ ಸಾಲುಗಳನ್ನು ಮಾತ್ರ ಇಟ್ಟುಕೊಳ್ಳಿ. ನೀವು ಒತ್ತಿದ ಹೊತ್ತಿಗೆ ಸರಿಯಾಗಿ ಮೂರು ಸಾಲು ಸಿಗುತ್ತವೆ. ಎಲ್ಲ ಒಂದೇ ಥರ, ನಡುವಿನ ಮೂರು ಬೈಟು ಮಾತ್ರ ಬೇರೆ. ಒಂದರಲ್ಲಿ ಎಫ್‌ಎಫ್ 00 00 (ಎಫ್‌ಎಫ್ ಅಂದರೆ ಒಂದು ಬೈಟಿನ ಗರಿಷ್ಠ ಬೆಲೆ). ಇನ್ನೊಂದರಲ್ಲಿ 00 ಎಫ್‌ಎಫ್ 00. ಮೂರನೆಯದರಲ್ಲಿ 00 00 ಎಫ್‌ಎಫ್. ಕೆಂಪು, ಹಸಿರು, ನೀಲಿ! ಬಲ್ಬಿನ ಭಾಷೆ ನಿಮಗೆ ಅರ್ಥವಾಯಿತು. ಎಲ್ಲ ಬಲ್ಬುಗಳೂ ಇಷ್ಟು ಸಲೀಸಾಗಿ ಬಾಯಿ ಬಿಡುವುದಿಲ್ಲ. ಅಗ್ಗದವು ಬಹಳಷ್ಟು ಬಿಡುತ್ತವೆ.

ಈಗ ಬಲ್ಬಿನ ಆ್ಯಪನ್ನು ಮುಚ್ಚಿ. ನಾರ್ಡಿಕ್ ಸೆಮಿಕಂಡಕ್ಟರ್ ಕಂಪನಿಯ ಎನ್‌ಆರ್‌ಎಫ್ ಕನೆಕ್ಟ್ ಎಂಬ ಪುಕ್ಕಟೆ ಆ್ಯಪ್ ಇದೆ. ಸುತ್ತಲಿನ ಬ್ಲೂಟೂತ್ ಸಾಧನಗಳನ್ನು ತೋರಿಸುತ್ತದೆ, ಅವುಗಳ ಒಳಗಿನ ಖಾನೆಗಳನ್ನು ಓದಲು, ಬರೆಯಲು ಬಿಡುತ್ತದೆ. ಅದರಿಂದ ಬಲ್ಬಿಗೆ ಸಂಪರ್ಕ ಮಾಡಿ, ಅದೇ ಖಾನೆಗೆ ಅದೇ ಬೈಟುಗಳನ್ನು ಬರೆಯಿರಿ. ಬಲ್ಬು ಕೆಂಪಾಗುತ್ತದೆ. ನೀವು ಯಾರು ಅಂತ ಅದು ಕೇಳಲೇ ಇಲ್ಲ. ಪಾಸ್‌ವರ್ಡ್ ಇಲ್ಲ, ಜೋಡಣೆ ಇಲ್ಲ. ಬಲ್ಬಾದರೆ ಹೋಗಲಿ ಅನ್ನಬಹುದು. ಇದೇ ಪ್ರಶ್ನೆಯನ್ನು ಬಾಗಿಲಿನ ಬೀಗಕ್ಕೆ ಕೇಳಿ ನೋಡಿ. ಬ್ಲೂಟೂತ್ ಬೀಗ ಪರೀಕ್ಷಿಸುವವರು ಮೊದಲು ನೋಡುವುದು ಇದನ್ನೇ: ತೆರೆಯುವ ಆಜ್ಞೆಯನ್ನು ಒಮ್ಮೆ ಹಿಡಿದು ಮತ್ತೆ ಕಳಿಸಿದರೆ ಬೀಗ ತೆರೆಯುತ್ತದೆಯೇ?

ಕಾರ್ಡು ಓದುತ್ತದೆ, ಕಾರ್ಡಿನ ವೇಷ ಹಾಕುವುದಿಲ್ಲ

ಮುಟ್ಟಿಸಿದರೆ ಸಾಕು ಕಾರ್ಡು ಓದುವ ಎನ್‌ಎಫ್‌ಸಿ ಬಗ್ಗೆ ನಿರೀಕ್ಷೆ ಜಾಸ್ತಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೋನು ಓದುವುದು 13.56 ಮೆಗಾಹರ್ಟ್ಸ್ ಕಾರ್ಡುಗಳನ್ನು ಮಾತ್ರ. ಹಳೇ ಕಚೇರಿಗಳ 125 ಕಿಲೋಹರ್ಟ್ಸ್ ಕಾರ್ಡು ಫೋನಿಗೆ ಕಾಣುವುದೇ ಇಲ್ಲ.

ಕಾಣುವವುಗಳಲ್ಲಿ ಹೆಸರಾದದ್ದು ಮೈಫೇರ್ ಕ್ಲಾಸಿಕ್. 1ಕೆ ಕಾರ್ಡಿನಲ್ಲಿ 16 ವಿಭಾಗ, ಒಂದೊಂದಕ್ಕೂ ಎರಡೆರಡು ಕೀಲಿ, ಪ್ರತಿ ಕೀಲಿ 48 ಬಿಟ್. ಅದರ ರಹಸ್ಯ ಸೂತ್ರವಾದ ಕ್ರಿಪ್ಟೋ1 ಅನ್ನು 2007-08ರಲ್ಲೇ ಸಂಶೋಧಕರು ಬಿಚ್ಚಿಟ್ಟರು. ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ತಂಡವೂ ಅದರಲ್ಲಿತ್ತು. ಆದರೂ ಫೋನೊಂದೇ ಆ ಕೀಲಿಗಳನ್ನು ಒಡೆಯುವುದಿಲ್ಲ. ಮೈಫೇರ್ ಕ್ಲಾಸಿಕ್ ಟೂಲ್ ಎಂಬ ಆ್ಯಪ್ ಮಾಡುವುದು ಗೊತ್ತಿರುವ ಕೀಲಿಗಳ ಪಟ್ಟಿಯನ್ನು ಒಂದೊಂದಾಗಿ ಹಾಕಿ ನೋಡುವುದು. ಪಟ್ಟಿಯ ಮೊದಲನೆಯದು ಹನ್ನೆರಡು ಎಫ್‌ಗಳ ಸಾಲು, ಕಾರ್ಖಾನೆಯ ಕೀಲಿ. ಅದರಲ್ಲೇ ತೆರೆದುಕೊಳ್ಳುವ ಕಾರ್ಡುಗಳು ಇನ್ನೂ ಚಲಾವಣೆಯಲ್ಲಿವೆ. ಪರೀಕ್ಷಕರ ವರದಿಗೆ ಅಷ್ಟು ಸಾಕು.

ಹಾಗಾದರೆ ಓದಿದ ಕಾರ್ಡನ್ನು ಫೋನಿಗೆ ತುಂಬಿ, ಫೋನನ್ನೇ ಬಾಗಿಲಿಗೆ ಹಿಡಿದರೆ? ಇಲ್ಲಿ ಇನ್ನೊಂದು ಗೋಡೆ. ಬಹಳಷ್ಟು ಬಾಗಿಲುಗಳು ಕಾರ್ಡಿನ ಗುರುತು ಸಂಖ್ಯೆಯನ್ನಷ್ಟೇ ನೋಡುತ್ತವೆ. ಆಂಡ್ರಾಯ್ಡ್ ಫೋನು ಕಾರ್ಡಿನಂತೆ ನಟಿಸುವಾಗ ಸಾಮಾನ್ಯವಾಗಿ ಪ್ರತಿ ಸಲ ಬೇರೆ ಬೇರೆ ಸಂಖ್ಯೆ ಹೇಳುತ್ತದೆ. ಇದೇ ಸಂಖ್ಯೆ ಹೇಳು ಅಂತ ಆ್ಯಪ್ ಒಂದು ಅದಕ್ಕೆ ಕಟ್ಟಪ್ಪಣೆ ಮಾಡುವಂತಿಲ್ಲ. ರೂಟ್ ಮಾಡಿದರೆ ಕಥೆ ಬೇರೆ.

ಆ ಬೇರೆ ಕಥೆ 2024ರಲ್ಲಿ ಬೆಳಕಿಗೆ ಬಂತು. ಜೆಕ್ ಗಣರಾಜ್ಯದ ಮೂರು ಬ್ಯಾಂಕುಗಳ ಗ್ರಾಹಕರ ಮೇಲೆ ನಡೆದ ಎನ್‌ಗೇಟ್ ದಾಳಿಯನ್ನು ಇಸೆಟ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ವಿವರಿಸಿದರು. ಕಳ್ಳರು ನಕಲಿ ಬ್ಯಾಂಕ್ ಆ್ಯಪ್ ಹಾಕಿಸಿ, ಕಾರ್ಡನ್ನು ಫೋನಿನ ಬೆನ್ನಿಗೆ ಹಿಡಿಯಿರಿ, ಪಿನ್ ಹಾಕಿ ಅಂತ ನಂಬಿಸುತ್ತಿದ್ದರು. ಆ ಕಾರ್ಡಿನ ಸಂಕೇತ ಇಂಟರ್ನೆಟ್ ಮೂಲಕ ಎಟಿಎಂ ಮುಂದೆ ನಿಂತ ಕಳ್ಳನ ರೂಟ್ ಮಾಡಿದ ಫೋನಿಗೆ ಹರಿದುಹೋಗುತ್ತಿತ್ತು. ಕಳ್ಳರು ಬಳಸಿದ್ದು ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗಾಗಿ ಬರೆದ ಎನ್‌ಎಫ್‌ಸಿಗೇಟ್ ಎಂಬ ಸಾಧನವನ್ನೇ. ಅಲ್ಲಿ ಕಾರ್ಡಿನ ಗೂಢಲಿಪಿಯನ್ನು ಯಾರೂ ಮುರಿಯಲಿಲ್ಲ. ಕಾರ್ಡು ಹಿಡಿದವರನ್ನು ನಂಬಿಸಿದರು, ಅಷ್ಟೆ.

ವೈಫೈ: ಚಿಪ್ಪೇ ಬಾಯಿ ಮುಚ್ಚಿಕೊಂಡಿದ್ದರೆ

ಎಲ್ಲರ ಪ್ರಶ್ನೆ ಇದೇ. ಫೋನಿನಲ್ಲಿ ವೈಫೈ ಇದೆಯಲ್ಲ, ಗಾಳಿಯಲ್ಲಿ ಹೋಗುವುದನ್ನೆಲ್ಲ ಯಾಕೆ ಹಿಡಿಯಲಾಗದು?

ಅಂಚೆ ಕಚೇರಿಗೆ ಊರಿನ ಕಾಗದವೆಲ್ಲ ಬರುತ್ತದೆ. ನಿಮ್ಮ ಮನೆಗೆ ಅಂಚೆಯಣ್ಣ ತರುವುದು ನಿಮ್ಮ ವಿಳಾಸದ್ದನ್ನು ಮಾತ್ರ. ಫೋನಿನ ವೈಫೈ ಚಿಪ್ಪೂ ಹಾಗೇ. ಅದರೊಳಗೇ ಒಂದು ಪುಟ್ಟ ಪ್ರೊಸೆಸರ್, ಅದನ್ನು ನಡೆಸಲು ಫರ್ಮ್‌ವೇರ್ ಎಂಬ ಅದರದೇ ತಂತ್ರಾಂಶ. ಗಾಳಿಯಲ್ಲಿ ಬಂದದ್ದನ್ನೆಲ್ಲ ಅದು ಕೇಳಿಸಿಕೊಂಡು, ಬೇಡದ್ದನ್ನು ಅಲ್ಲೇ ಬಿಸಾಕುತ್ತದೆ. ಆಂಡ್ರಾಯ್ಡಿಗೆ ತಲುಪುವುದು ಸೋಸಿದ್ದು ಮಾತ್ರ. ಹಾಗಾಗಿ ಎಲ್ಲವನ್ನೂ ಕೇಳುವ ಮಾನಿಟರ್ ಮೋಡ್ ಬೇಕೆಂದರೆ ಬಹಳಷ್ಟು ಫೋನುಗಳಲ್ಲಿ ರೂಟ್ ಮಾಡಿದರೂ ಸಾಲದು, ಚಿಪ್ಪಿನ ಫರ್ಮ್‌ವೇರನ್ನೇ ತಿದ್ದಬೇಕು. ಮತ್ತೆ ಅದೇ ಡಾರ್ಮ್‌ಸ್ಟಾಟಿನವರು ನೆಕ್ಸ್‌ಮಾನ್ ಎಂಬ ಯೋಜನೆಯಲ್ಲಿ ಈ ಕೆಲಸ ಮಾಡಿದರು. ನೆಕ್ಸಸ್ 5ರಲ್ಲಿದ್ದ ಬ್ರಾಡ್‌ಕಾಮ್ ಚಿಪ್ಪನ್ನು ಬಿಚ್ಚಿ ನೋಡಿ, ಅದರ ಬಾಯಿ ಬಿಡಿಸಿದರು. ಹಳೇ ನೆಕ್ಸಸ್ 5 ಫೋನಿಗೆ ಈ ವಲಯದಲ್ಲಿ ಇನ್ನೂ ಮರ್ಯಾದೆ ಇರುವುದು ಇದಕ್ಕೇ.

ಉಳಿದವರಿಗೆ ಇರುವ ದಾರಿ ಓಟಿಜಿ ಕೇಬಲ್ಲಿನಿಂದ ಹೊರಗಿನ ವೈಫೈ ಅಡಾಪ್ಟರ್ ಸಿಕ್ಕಿಸುವುದು. ಅಥೆರೋಸ್ ಎಆರ್9271 ಚಿಪ್ಪಿನವು ಇದಕ್ಕೆ ಹೆಸರುವಾಸಿ. ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇರುವ ಕರ್ನಲ್ ಬೇಕು, ಅಲ್ಲಿಗೆ ನೆಟ್‌ಹಂಟರೇ ಬೇಕಾಗುತ್ತದೆ. ಬ್ಯಾಟರಿ ಕಣ್ಣ ಮುಂದೆಯೇ ಇಳಿಯುತ್ತದೆ.

ಇಷ್ಟೆಲ್ಲ ಮಾಡಿ ಹಿಡಿದದ್ದೇನು? ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ಪದ್ಧತಿಯ ನೆಟ್‌ವರ್ಕಾದರೆ ಹ್ಯಾಂಡ್‌ಶೇಕ್, ಅಂದರೆ ಸಂಪರ್ಕವಾಗುವಾಗ ಸಾಧನ ಮತ್ತು ರೌಟರ್ ಬದಲಿಸಿಕೊಳ್ಳುವ ನಾಲ್ಕು ಸಂದೇಶ. ಪಾಸ್‌ವರ್ಡ್ ಅದರೊಳಗೆ ಇರುವುದಿಲ್ಲ. ಒಂದೊಂದು ಪಾಸ್‌ವರ್ಡನ್ನು ಊಹಿಸಿ, ಅದೇ ಉತ್ತರ ಬರುತ್ತದಾ ಅಂತ ತಾಳೆ ನೋಡಬೇಕು. ಒಂದು ಊಹೆಗೆ 4,096 ಸುತ್ತಿನ ಲೆಕ್ಕ. ಬೇಕೆಂದೇ ನಿಧಾನ ಮಾಡಿದ್ದು ಅದು. ಫೋನು ಇಲ್ಲಿ ಏದುಸಿರು ಬಿಡುತ್ತದೆ. ವೃತ್ತಿಪರರು ಹಿಡಿದದ್ದನ್ನು ದೊಡ್ಡ ಗ್ರಾಫಿಕ್ಸ್ ಕಾರ್ಡಿರುವ ಯಂತ್ರಕ್ಕೆ ಒಯ್ಯುತ್ತಾರೆ. ಅಲ್ಲೂ ಉದ್ದನೆಯ, ನಿಘಂಟಿನಲ್ಲಿರದ ಪಾಸ್‌ವರ್ಡಾದರೆ ಕೈಚೆಲ್ಲುತ್ತಾರೆ. ಅದರ ಮುಂದಿನ ಪದ್ಧತಿ ಡಬ್ಲ್ಯುಪಿಎ3 ಬಂದಲ್ಲಂತೂ ಹೀಗೆ ಹಿಡಿದುಕೊಂಡು ಹೋಗಿ ಊಹಿಸುವ ಆಟವೇ ನಡೆಯುವುದಿಲ್ಲ.

ರೂಟ್ ಇಲ್ಲದ ಫೋನಿನಿಂದ ವೈಫೈ ಬಗ್ಗೆ ಮಾಡಬಹುದಾದ ಸಾದಾ ಕೆಲಸ ಒಂದಿದೆ. ಕಟ್ಟಡದ ತುಂಬ ಓಡಾಡಿ, ಎಲ್ಲೆಲ್ಲಿ ಯಾವ ಯಾವ ನೆಟ್‌ವರ್ಕ್ ಕಾಣುತ್ತದೆ, ಯಾವುದಕ್ಕೆ ಪಾಸ್‌ವರ್ಡಿಲ್ಲ ಅಂತ ನೋಡುವುದು. ಯಾರೋ ಸಿಬ್ಬಂದಿ ಮೇಜಿನ ಕೆಳಗೆ ತಂದಿಟ್ಟ ಸ್ವಂತ ರೌಟರ್ ಸಿಗುವುದು ಹೀಗೆಯೇ. ಆಂಡ್ರಾಯ್ಡ್ 9ರಿಂದ ಆ್ಯಪ್‌ಗೆ ಎರಡು ನಿಮಿಷಕ್ಕೆ ನಾಲ್ಕೇ ಸ್ಕ್ಯಾನ್ ಅನ್ನುವ ಮಿತಿ ಇದೆ. ಆಂಡ್ರಾಯ್ಡ್ 10ರಿಂದ ಡೆವಲಪರ್ ಆಯ್ಕೆಗಳಲ್ಲಿ ಅದನ್ನು ತೆಗೆಯಬಹುದು.

ಕೀಬೋರ್ಡಿನ ವೇಷ

(ಇಲ್ಲಿ ಸಭೆಗೆ ಒಂದು ಪ್ರಯೋಗ ತೋರಿಸಿದೆ. ರೂಟ್ ಮಾಡಿದ ಫೋನನ್ನು ನನ್ನದೇ ಲ್ಯಾಪ್‌ಟಾಪಿಗೆ ಕೇಬಲ್ಲಿನಿಂದ ಸಿಕ್ಕಿಸಿದೆ.)

ನೋಡಿ, ನಾನು ಲ್ಯಾಪ್‌ಟಾಪ್ ಮುಟ್ಟುತ್ತಿಲ್ಲ. ನೋಟ್‌ಪ್ಯಾಡ್ ತಾನಾಗಿ ತೆರೆಯಿತು. ಅಕ್ಷರಗಳು ತಾವಾಗಿ ಮೂಡುತ್ತಿವೆ: 'ನಮಸ್ಕಾರ, ನಾನು ಕೀಬೋರ್ಡ್'. ಫೋನು ಲ್ಯಾಪ್‌ಟಾಪಿಗೆ ತನ್ನನ್ನು ಕೀಬೋರ್ಡ್ ಅಂತ ಪರಿಚಯಿಸಿಕೊಂಡಿದೆ. ಕಂಪ್ಯೂಟರುಗಳು ಕೀಬೋರ್ಡನ್ನು ಕಣ್ಣು ಮುಚ್ಚಿ ನಂಬುತ್ತವೆ. ಇದರ ಹಿಂದಿನ ದೊಡ್ಡ ಸಮಸ್ಯೆಯನ್ನು ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ 2014ರಲ್ಲಿ ಬ್ಯಾಡ್‌ಯುಎಸ್‌ಬಿ ಎಂಬ ಹೆಸರಿನಲ್ಲಿ ಜಗತ್ತಿಗೆ ತೋರಿಸಿದರು. ಪೆನ್ ಡ್ರೈವನ್ನು ಕಂಡರೆ ಅನುಮಾನ ಪಡುವಷ್ಟು ಜನ ಈಗ ಜಾಣರಾಗಿದ್ದಾರೆ. ಆದರೆ 'ಚಾರ್ಜ್ ಇಲ್ಲ, ಸ್ವಲ್ಪ ಹಾಕ್ಕೊಳ್ಲಾ?' ಅಂದರೆ ಯಾರು ಬೇಡ ಅನ್ನುತ್ತಾರೆ?

ಇದಕ್ಕೆ ಮದ್ದು ಸರಳ. ಎದ್ದು ಹೋಗುವಾಗ ಪರದೆಗೆ ಬೀಗ ಹಾಕಿ. ಬೀಗ ಬಿದ್ದ ಪರದೆ ಮುಂದೆ ಈ ಕಳ್ಳ ಕೀಬೋರ್ಡಿಗೆ ನಿಮ್ಮ ಪಾಸ್‌ವರ್ಡ್ ಗೊತ್ತಿರುವುದಿಲ್ಲ.

ರೂಟ್ ಅಂದರೆ ಏನು ಕಳೆದುಕೊಳ್ಳುತ್ತೀರಿ

ಇಲ್ಲಿಯವರೆಗೆ ಹತ್ತು ಸಲ ರೂಟ್ ಅಂದೆ. ರೂಟ್ ಮಾಡಬೇಕಾದರೆ ಮೊದಲು ಬೂಟ್‌ಲೋಡರಿನ, ಅಂದರೆ ಫೋನು ಹಚ್ಚಿದಾಗ ವ್ಯವಸ್ಥೆಯನ್ನು ಎಬ್ಬಿಸುವ ತಂತ್ರಾಂಶದ, ಬೀಗ ತೆಗೆಯಬೇಕು. ತೆಗೆದ ಕೂಡಲೇ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಹೊಸಬರು ಇದಕ್ಕೆ ಶಪಿಸುತ್ತಾರೆ. ಆದರೆ ಯೋಚಿಸಿ: ಅಳಿಸದೇ ಇದ್ದಿದ್ದರೆ, ನಿಮ್ಮ ಫೋನು ಕದ್ದವನು ಬೀಗ ತೆಗೆದು, ತನ್ನ ತಂತ್ರಾಂಶ ಹಾಕಿ, ನಿಮ್ಮ ಡೇಟಾಕ್ಕೆ ಕೈ ಹಾಕಬಹುದಿತ್ತು. ಆಮೇಲೆ ಪ್ರತಿ ಸಲ ಫೋನು ಹಚ್ಚುವಾಗ ಎಚ್ಚರಿಕೆಯ ಪರದೆ ಬರುತ್ತದೆ. ಸ್ಯಾಮ್‌ಸಂಗ್ ಫೋನಾದರೆ ನಾಕ್ಸ್ ಎಂಬ ಅದರ ಭದ್ರತಾ ವ್ಯವಸ್ಥೆಯ ಗುರುತು ಶಾಶ್ವತವಾಗಿ ಬದಲಾಗುತ್ತದೆ, ಹಿಂದಿನ ಸ್ಥಿತಿಗೆ ತರಲಾಗದು. ಬ್ಯಾಂಕ್ ಆ್ಯಪ್‌ಗಳು ಪ್ಲೇ ಇಂಟೆಗ್ರಿಟಿ ಎಂಬ ಗೂಗಲ್ ತಪಾಸಣೆಯನ್ನು ಕೇಳಿ, ಈ ಫೋನನ್ನು ನಂಬಲಾಗದು ಅಂತ ಮುಖ ತಿರುಗಿಸಬಹುದು.

2016ರಲ್ಲಿ ಬಂದ ಮ್ಯಾಜಿಸ್ಕ್ ಎಂಬ ರೂಟ್ ಮಾಡುವ ಸಾಧನ ಇದನ್ನೆಲ್ಲ ಮರೆಮಾಚಲು ಒಂದಷ್ಟು ದಾರಿ ತೋರಿಸಿತು. ಬ್ಯಾಂಕಿನವರಿಗೂ ಮ್ಯಾಜಿಸ್ಕ್ ಬಳಸುವವರಿಗೂ ಬೆಕ್ಕು–ಇಲಿ ಆಟ ಅಂದಿನಿಂದ ನಡೆದೇ ಇದೆ. ಆ ಆಟ ಆಡಬೇಡಿ ಅನ್ನುವುದು ನನ್ನ ಸಲಹೆ. ದಿನಾ ಬಳಸುವ ಫೋನನ್ನು ರೂಟ್ ಮಾಡಲೇಬೇಡಿ. ಪರೀಕ್ಷೆಗೆ ಬೇರೆ ಫೋನು. ಅದರಲ್ಲಿ ನಿಮ್ಮ ಖಾತೆ ಇಲ್ಲ, ಸಿಮ್ ಇಲ್ಲ, ಫೋಟೊ ಇಲ್ಲ.

ರೂಟ್ ಮಾಡಿದ ಆ ಫೋನು ಇನ್ನೊಂದು ಕಡೆ ತುಂಬ ಬೆಲೆಬಾಳುತ್ತದೆ: ಆ್ಯಪ್‌ಗಳನ್ನೇ ಪರೀಕ್ಷಿಸುವುದಕ್ಕೆ. ಒಂದು ಆ್ಯಪ್ ತನ್ನ ಸರ್ವರಿಗೆ ಏನು ಕಳಿಸುತ್ತದೆ ಅಂತ ನೋಡಬೇಕೆಂದರೆ ನಡುವೆ ಪ್ರಾಕ್ಸಿ, ಅಂದರೆ ಎರಡೂ ಕಡೆಯ ಮಾತು ಹಾದುಹೋಗುವ ಮಧ್ಯವರ್ತಿ, ಇಟ್ಟು, ಪ್ರಾಕ್ಸಿಯ ಪ್ರಮಾಣಪತ್ರವನ್ನು ಫೋನು ನಂಬುವಂತೆ ಮಾಡಬೇಕು. ಆಂಡ್ರಾಯ್ಡ್ 7ರಿಂದ ಬಳಕೆದಾರರು ಸೇರಿಸಿದ ಪ್ರಮಾಣಪತ್ರವನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ. ರೂಟ್ ಇದ್ದರೆ ಅದನ್ನು ವ್ಯವಸ್ಥೆಯ ಪಟ್ಟಿಗೇ ಸೇರಿಸಬಹುದು. ಆ್ಯಪ್ ತನ್ನದೇ ಪ್ರಮಾಣಪತ್ರವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ, ಓಡುತ್ತಿರುವ ಆ್ಯಪ್‌ನ ಒಳಗೆ ಕೈಯಾಡಿಸುವ ಫ್ರಿಡಾ ಬೇಕಾಗುತ್ತದೆ. ರೂಟ್ ಇಲ್ಲದವರು ಪಿಕ್ಯಾಪ್‌ಡ್ರಾಯ್ಡ್ ಹಾಕಿ ನೋಡಿ. ವಿಪಿಎನ್ ಸೌಲಭ್ಯವನ್ನು ಬಳಸಿಕೊಂಡು, ಯಾವ ಆ್ಯಪ್ ಯಾವ ಸರ್ವರಿನ ಜೊತೆ ಮಾತಾಡುತ್ತಿದೆ ಅಂತ ಹೆಸರು ಸಮೇತ ತೋರಿಸುತ್ತದೆ. ಟಾರ್ಚ್ ಆ್ಯಪ್ ಎಷ್ಟು ಕಡೆ ಮಾತಾಡುತ್ತದೆ ಅಂತ ನೀವೇ ನೋಡಿ.

ಅನುಮತಿ ಬಗ್ಗೆ ಒಂದೇ ಮಾತು, ಯಾಕೆಂದರೆ ಅದರಲ್ಲಿ ಚರ್ಚೆಗೆ ಜಾಗ ಇಲ್ಲ. ನಿಮ್ಮದಲ್ಲದ ನೆಟ್‌ವರ್ಕ್, ಕಾರ್ಡು, ಬೀಗ, ಲ್ಯಾಪ್‌ಟಾಪ್ ಮುಟ್ಟುವ ಮುಂಚೆ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಬೇಕು. ಏನು ಮುಟ್ಟಬಹುದು, ಏನು ಮುಟ್ಟಬಾರದು, ಯಾವ ದಿನದಿಂದ ಯಾವ ದಿನದವರೆಗೆ ಅಂತ ಅದರಲ್ಲಿರಬೇಕು. ಬಾಯಿಮಾತಿನ 'ಪರವಾಗಿಲ್ಲ, ಮಾಡಿ' ನಾಳೆ ನಿಮ್ಮ ನೆರವಿಗೆ ಬರುವುದಿಲ್ಲ.

ಸಭೆಯಿಂದ ಬಂದ ಕೆಲವು ಪ್ರಶ್ನೆ

*ಸರ್, ಐಫೋನಿನಲ್ಲಿ ಇದೆಲ್ಲ ಆಗುತ್ತಾ?*

ಕಷ್ಟ. 2019ರಲ್ಲಿ ಹೊರಬಂದ ಚೆಕ್‌ಮೇಟ್ ಎಂಬ ದೋಷದಿಂದ ಐಫೋನ್ 4ಎಸ್‌ನಿಂದ ಐಫೋನ್ 10ರವರೆಗಿನವನ್ನು ತೆರೆಯಬಹುದು. ಚಿಪ್ಪಿನ ಬದಲಾಯಿಸಲಾಗದ ಭಾಗದಲ್ಲಿರುವ ದೋಷ ಅದು, ಅಪ್‌ಡೇಟಿನಿಂದ ಸರಿಹೋಗುವುದಿಲ್ಲ. ಹೊಸ ಐಫೋನುಗಳಿಗೆ ಅದು ತಾಗುವುದಿಲ್ಲ. 2020ರಿಂದ ಆಪಲ್ ಆಯ್ದ ಸಂಶೋಧಕರಿಗೆ ವಿಶೇಷ ಐಫೋನ್ ಕೊಡುತ್ತಿದೆ. ಉಳಿದವರು ಬ್ಲೂಟೂತ್ ಪ್ರಯೋಗವನ್ನು ಎನ್‌ಆರ್‌ಎಫ್ ಕನೆಕ್ಟ್ ಮಟ್ಟಿಗೆ ಅಲ್ಲೂ ಮಾಡಬಹುದು.

*ಇದಿದ್ದರೆ ಲ್ಯಾಪ್‌ಟಾಪ್ ಬೇಡ್ವಾ?*

ಬೇಕು. ವರದಿಯನ್ನು ಬೆರಳಲ್ಲಿ ಒತ್ತುತ್ತಾ ಬರೆಯಲು ಹೋದರೆ ನಿಮಗೇ ಗೊತ್ತಾಗುತ್ತದೆ. ಫೋನು ಇರುವುದು ಲ್ಯಾಪ್‌ಟಾಪ್ ಹೋಗಲಾಗದ ಜಾಗಕ್ಕೆ.

*ಮನೆಯಲ್ಲಿ ಒಂದು ಹಳೇ ಆಂಡ್ರಾಯ್ಡ್ ಫೋನಿದೆ. ಎಲ್ಲಿಂದ ಶುರು ಮಾಡಲಿ?*

ಪೂರ್ತಿ ಅಳಿಸಿ. ಖಾತೆ ಹಾಕಬೇಡಿ. ಎಫ್-ಡ್ರಾಯ್ಡ್, ಟರ್ಮಕ್ಸ್, ಎನ್‌ಮ್ಯಾಪ್. ನಿಮ್ಮ ಮನೆಯ ನೆಟ್‌ವರ್ಕಿನಲ್ಲಿರುವ ಸಾಧನಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದರ ಎದುರಿಗೂ ಅದು ಯಾವುದು ಅಂತ ಬರೆಯಿರಿ. ಟಿವಿ, ಪ್ರಿಂಟರ್ ಬೇಗ ಗೊತ್ತಾಗುತ್ತವೆ. ಗೊತ್ತಾಗದ ಒಂದೆರಡು ಉಳಿದರೆ ರೌಟರಿನ ಪುಟಕ್ಕೆ ಹೋಗಿ ಅವುಗಳ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಸಾಧನದ ಗುರುತು ಸಂಖ್ಯೆ, ನೋಡಿ. ಮೊದಲ ಮೂರು ಬೈಟು ತಯಾರಕರು ಯಾರು ಅಂತ ಹೇಳುತ್ತವೆ. ಯಾವ ತಯಾರಕರ ಪಟ್ಟಿಯಲ್ಲೂ ಸಿಗದಿದ್ದರೆ ಹೆದರಬೇಡಿ. ಆಂಡ್ರಾಯ್ಡ್ 10, ಐಓಎಸ್ 14ರಿಂದ ಈಚೆಗೆ ಫೋನುಗಳು ವೈಫೈಗೆ ನಕಲಿ ಮ್ಯಾಕ್ ವಿಳಾಸ ಹೇಳುತ್ತವೆ. ಮನೆಯವರ ಫೋನುಗಳ ವೈಫೈಯನ್ನು ಒಂದೊಂದಾಗಿ ಆರಿಸಿ, ಯಾವಾಗ ಅದು ಪಟ್ಟಿಯಿಂದ ಹೋಗುತ್ತದೆ ಅಂತ ನೋಡಿ. ಎಲ್ಲ ಆರಿಸಿದ ಮೇಲೂ ಉಳಿದಿದ್ದರೆ ವೈಫೈ ಪಾಸ್‌ವರ್ಡ್ ಬದಲಿಸಿ, ಯಾರು ಬಂದು ಹೊಸದು ಕೇಳುತ್ತಾರೆ ಅಂತ ಕಾಯಿರಿ.